ಚೌಡಮ್ಮನ ದಾರ

ವುಡಿನ್‌ವಿಲ್,
ಮಂಗಳವಾರ, ೨ ಡಿಸೆಂಬರ್ ೨೦೧೪

ಪ್ರೀತಿಯ ಗಂಗೂ,

ಕಾಗದದ ಮೊದಲ ಸಾಲಿನಲ್ಲೇ ‘ನಾನು ಕ್ಷೇಮ’ ಎಂದು ಬರೆಯುವುದು ನಮ್ಮ ಕಾಲದವರ ಅಭ್ಯಾಸ. ಇವತ್ತು ನನ್ನ ಕೈ ಅದನ್ನು ಬರೆಯಲು ಒಪ್ಪುತ್ತಿಲ್ಲ. ನಿನ್ನ ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲಾ ಎಂದಿನ ಸೋಮಾರಿತನವಾ? ನೀನಾದರೂ ಚೆನ್ನಾಗಿರು ಮಹರಾಯ್ತಿ.

ಫೋನ್ ಮಾಡಬಾರದಾ ಎಂದು ಕೇಳಬೇಡ. ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಕ್ಕಪಕ್ಕ ಕೂತು ನಾವಿಬ್ಬರೂ ಎಷ್ಟು ಮನೆಗಳ ಗುಟ್ಟು ಕೇಳಿಸಿಕೊಂಡಿದ್ದೇವೆ, ನಿನಗೇ ಗೊತ್ತು. ಫೋನಿನಲ್ಲಿ ಆಡಿದ ಮಾತು ಇನ್ಯಾರದೋ ಕಿವಿಗೆ ಬಿದ್ದೇ ಬೀಳುತ್ತದೆ. ಈ ಮನೆಯ ಗೋಡೆಗಳೆಲ್ಲ ಬರೀ ಹಲಗೆ. ಕೆಳಗೆ ಅಡುಗೆಮನೆಯಲ್ಲಿ ನಾನು ಕೆಮ್ಮಿದರೆ ಮಹಡಿಯಿಂದ ನಮ್ಮ ಅಳಿಯಂದಿರು, ತ್ರಿವಿಕ್ರಮ, ‘ಅತ್ತೆ, ಬಿಸಿನೀರು ಕುಡೀರಿ’ ಎನ್ನುತ್ತಾರೆ. ಒಳ್ಳೆಯವರೇ. ಆದರೆ ಈ ವಿಷಯ ಅವರ ಕಿವಿಗೆ ಬೀಳಬಾರದು. ರಜನಿಯ ಕಿವಿಗಂತೂ ಬೀಳಲೇಬಾರದು. ಹೆತ್ತ ಮಗಳಿಗೇ ಹೆದರುವ ಕಾಲ ಬಂತು ನೋಡು ನನಗೆ.

ನನಗೆ ಭಯವಾಗಿದೆ ಗಂಗೂ. ಅನ್ನ ಗಂಟಲಲ್ಲಿ ಇಳಿಯದಂಥ ಭಯ. ಮೊದಲಿನಿಂದ ಹೇಳುತ್ತೇನೆ, ತಾಳ್ಮೆಯಿಂದ ಓದು.

ಮೊಮ್ಮಗಳು ಮೈತ್ರಿ ಒಂದು ಕುದುರೆ ಸಾಕಿಕೊಂಡಿದ್ದಾಳೆ ಎಂದು ಹಿಂದೆ ಬರೆದಿದ್ದೆ. ಹದಿನೈದರ ಹುಡುಗಿಗೆ ಕುದುರೆಯಾ ಎಂದು ನೀನು ನಕ್ಕಿದ್ದೆ. ಇಲ್ಲಿ ಅದಕ್ಕೆಂದೇ ಜಾಗವಿದೆ. ಊರಾಚೆ ಇಂಗ್ರಿಡ್ ಎಂಬ ಹೆಂಗಸು ಒಂದು ಲಾಯ ನಡೆಸುತ್ತಾಳೆ. ಅಲ್ಲಿರುವ ಕುದುರೆಗಳೆಲ್ಲ ಶಾಲೆ ಕಾಲೇಜಿನ ಮಕ್ಕಳವು. ಇಂಗ್ರಿಡ್ ಕೊಡುವುದು ಜಾಗ, ಒಣಹುಲ್ಲು ಮತ್ತು ಬೈಗುಳ, ಅಷ್ಟೇ. ಲದ್ದಿ ಬಾಚುವುದು, ಮರದ ಹೊಟ್ಟು ಹಾಸುವುದು, ನೀರು ತುಂಬುವುದು, ಮೈ ತಿಕ್ಕುವುದು, ಗೊರಸಿನ ಕೆಸರು ಕೆರೆದು ತೆಗೆಯುವುದು, ಎಲ್ಲವನ್ನೂ ಅವರವರ ಕುದುರೆಗೆ ಅವರವರೇ ಮಾಡಬೇಕು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಮಾಡುತ್ತಾಳೆ. ತಿಂದ ತಟ್ಟೆ ಎತ್ತಿ ಸಿಂಕಿಗೆ ಹಾಕು ಎಂದರೆ ಮುಖ ಸಿಂಡರಿಸುವ ನಮ್ಮ ಹುಡುಗಿ ಬೆಳಕು ಹರಿಯುವ ಮುಂಚೆ ಎದ್ದು, ಆ ಚಳಿಯಲ್ಲಿ, ತಳ್ಳುಗಾಡಿ ತುಂಬ ಲದ್ದಿ ಹೊರುತ್ತಾಳೆ. ಬೆಳಿಗ್ಗೆ ರಜನಿ ಆಫೀಸಿಗೆ ಹೋಗುವ ಮುಂಚೆ ಕರೆದುಕೊಂಡು ಹೋಗುತ್ತಾಳೆ. ಸಂಜೆಯ ಪಾಳಿ ರೀನಾಳದು. ರೀನಾ ಮಂಗಳೂರಿನವಳು, ಮಿಲ್ ಕ್ರೀಕಿನಲ್ಲಿ ಮನೆ. ಅವಳ ಮಗಳ ಕುದುರೆಯೂ ಅಲ್ಲೇ ಇದೆ. ಸಂಜೆ ಮನೆಯಲ್ಲಿ ಒಬ್ಬಳೇ ಕೂರಲಾರದೆ ನಾನೂ ಅವಳ ಕಾರಿನಲ್ಲಿ ಹೋಗುತ್ತೇನೆ.

ಕುದುರೆಯ ಹೆಸರು ಪಿಕಲ್. ಉಪ್ಪಿನಕಾಯಿ! ಹೆಸರಿಗೆ ಬರವೇನೇ ಈ ದೇಶದಲ್ಲಿ? ಕಪ್ಪು ಬಣ್ಣ, ಬಾಗಿಲಷ್ಟು ಎದೆ. ಮೊಣಕಾಲಿನ ಕೆಳಗೆ ಗೊರಸಿನ ತನಕ ಉದ್ದುದ್ದ ಕಪ್ಪು ಕೂದಲು ಇಳಿಬಿದ್ದಿದೆ. ಅದು ಮೂಗಿನಿಂದ ಒಮ್ಮೆ ಬುಸ್ ಎಂದರೆ ಸಾಕು, ನಾನು ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತೇನೆ.

ಅಕ್ಟೋಬರಿನಲ್ಲಿ ಮೈತ್ರಿ ನನ್ನ ಕಣ್ಣೆದುರೇ ಬಿದ್ದಳು. ಅಡ್ಡಲಾಗಿ ಇಟ್ಟ ಕಂಬವನ್ನು ಕುದುರೆ ಹಾರಬೇಕಿತ್ತು. ಅದು ಓಡುತ್ತಾ ಬಂದು, ಹಾರದೆ, ಗಕ್ಕನೆ ನಿಂತಿತು. ಹುಡುಗಿ ಮಾತ್ರ ಹಾರಿದಳು. ಕಂಬದ ಆಚೆ ಬಿದ್ದವಳು ಅಲ್ಲಾಡಲಿಲ್ಲ. ನಾನು ಬೇಲಿ ಹಿಡಿದು ನಿಂತಲ್ಲೇ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಮಣ್ಣು ಕೊಡವಿಕೊಂಡಳು. ಇಂಗ್ರಿಡ್ ಮತ್ತೆ ಹತ್ತು ಎಂದಳು. ಇವಳು ಹತ್ತಿದಳು! ರಜನಿಗೆ ಹೇಳಿದರೆ, ‘ಬೀಳೋದೂ ಕಲೀಲಿ ಬಿಡಮ್ಮ, ಕಾನ್ಫಿಡೆನ್ಸ್ ಬರುತ್ತೆ’ ಎಂದಳು. ಏಪ್ರಿಲ್‌ನಲ್ಲಿ ಯಾವುದೋ ಸ್ಪರ್ಧೆಯಂತೆ, ಇನ್ನೂ ಎತ್ತರದ ಕಂಬಗಳಂತೆ. ಅವತ್ತಿನಿಂದ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ, ಕಂಬದ ಆಚೆ ಬಿದ್ದ ಮಗು.

ಬಿದ್ದ ದಿನ ಮನೆಗೆ ಬಂದವಳೇ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬಾಣಲೆಗೆ ಹಾಕಿ ಸುಟ್ಟೆ. ಇಲ್ಲಿ ಕೆಂಡಕ್ಕೆ ಎಲ್ಲಿಗೆ ಹೋಗಲಿ? ಘಾಟು ಏಳುತ್ತಿದ್ದಂತೆ ಹೊಗೆ ಕಂಡರೆ ಕೂಗಲೆಂದು ಚಾವಣಿಗೆ ಅಂಟಿಸಿದ ಡಬ್ಬಿಯೊಂದು ಕಿರುಚಲು ಶುರುಮಾಡಿತು. ನಾನು ಟವೆಲ್ ಬೀಸಿ ಬೀಸಿ ಸುಸ್ತಾದೆ. ಆಮೇಲೆ ನೋಡಿದರೆ ಬಾಗಿಲಲ್ಲಿ ಫೈರ್ ಇಂಜಿನ್! ಹೆಲ್ಮೆಟ್ ಹಾಕಿದ ದಾಂಡಿಗರು ಒಳಗೆ ಬಂದು ಕೆಮ್ಮುತ್ತಾ ನನ್ನ ಬಾಣಲೆ ನೋಡಿದರು. ನೆರೆಹೊರೆಯವರೆಲ್ಲ ಹೊರಗೆ. ಮೈತ್ರಿ ನಾಚಿಕೆಯಿಂದ ಕೋಣೆ ಸೇರಿಕೊಂಡಳು. ರಜನಿ ಕೆಂಡಾಮಂಡಲವಾಗಿ, ‘ಇನ್ನೊಂದ್ಸಲ ಇಂಥದ್ದು ಏನಾದ್ರೂ ಮಾಡಿದ್ರೆ ಟಿಕೆಟ್ ಬುಕ್ ಮಾಡಿ ಕಳಿಸಿಬಿಡ್ತೀನಿ ಅಮ್ಮ’ ಎಂದಳು. ಇನ್ನು ಇಂಥ ಮೂಢನಂಬಿಕೆಯ ಸಹವಾಸಕ್ಕೆ ಹೋಗುವುದಿಲ್ಲ ಎಂದು ಮೈತ್ರಿಯ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಳು. ಆಣೆ ಹಾಕಿಸುವುದು ಮೂಢನಂಬಿಕೆ ಅಲ್ಲವಂತೆ!

ಆಗಲೇ ನಿನಗೆ ಬರೆದದ್ದು, ಕೆರೆ ಏರಿಯ ಚೌಡಮ್ಮನ ಗುಡಿಯಲ್ಲಿ ಒಂದು ಕಪ್ಪು ದಾರ ಮಂತ್ರ ಹಾಕಿಸಿ ಕಳಿಸು ಎಂದು. ಆ ಮಂಡಿ ಇಟ್ಟುಕೊಂಡು ಏರಿ ಹತ್ತಿದೆಯಲ್ಲ, ನಿನ್ನ ಋಣ ಹೇಗೆ ತೀರಿಸಲಿ. ದಾರ ತಲುಪಿತು. ಕಟ್ಟಿಯೂ ಆಯಿತು. ಅಮಾವಾಸ್ಯೆ ಶನಿವಾರವೇ ಬಿದ್ದಿತ್ತು.

ಇಷ್ಟು ಬರೆದು ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ. ಕುಡಿಯಲಾಗಲಿಲ್ಲ. ನಿನ್ನ ಹತ್ತಿರ ಮುಚ್ಚಿಟ್ಟು ಏನು ಮಾಡಲಿ? ದಾರ ಕಟ್ಟಿದ್ದು ಮಗುವಿಗಲ್ಲ ಗಂಗೂ. ಅವಳು ಕೈಗೂ ಬೇಡ, ಕಾಲಿಗೂ ಬೇಡ ಎಂದುಬಿಟ್ಟಳು. ಕುದುರೆ ಹತ್ತುವಾಗ ಮೈಮೇಲೆ ಅಂಥದ್ದೇನೂ ಇರಬಾರದಂತೆ, ಎಲ್ಲಾದರೂ ಸಿಕ್ಕಿಕೊಳ್ಳುತ್ತದಂತೆ. ‘ಅಜ್ಜಿ, ಪ್ಲೀಸ್, ನೋ’ ಎಂದು ಕೈ ಹಿಂದಕ್ಕೆ ಎಳೆದುಕೊಂಡಳು. ಮಂತ್ರಿಸಿದ ದಾರ ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರಬಾರದಲ್ಲ. ಅವಳಿಗೆ ಕಟ್ಟಲಾಗದಿದ್ದರೆ ಅವಳನ್ನು ಹೊರುವವನಿಗಾದರೂ ಕಟ್ಟೋಣ ಎಂದುಕೊಂಡೆ.

ಅಮಾವಾಸ್ಯೆಯ ದಿನ ಕುದುರೆಯನ್ನು ಕಟ್ಟಿಹಾಕಿ ಮೈತ್ರಿ ನೀರು ತರಲು ಹೋಗಿದ್ದಳು. ಅದು ಬಲೆಚೀಲದಿಂದ ಹುಲ್ಲು ಎಳೆದು ತಿನ್ನುತ್ತಿತ್ತು. ನಾನು, ಬೀದಿಯಲ್ಲಿ ಹಸು ಅಡ್ಡ ಬಂದರೂ ರಸ್ತೆ ದಾಟುವ ನಾನು, ಅದರ ಕಾಲ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಮುಂದಿನ ಎಡಗಾಲಿಗೆ, ಗೊರಸಿನ ಮೇಲೆ ಸಣ್ಣಗಿರುವ ಕಡೆ, ಕೂದಲಿನ ಒಳಗೆ ದಾರ ಸುತ್ತಿದೆ. ಜಾರಿ ಬೀಳದಿರಲಿ ಎಂದು ಬಿಗಿಯಾಗಿಯೇ ಕಟ್ಟಿದೆ. ಈಗಿನ ದಾರ ಹತ್ತಿಯದಲ್ಲ, ನೈಲಾನಿನದು, ಕಡಿದರೂ ಹರಿಯದು.

ಇವತ್ತು ರಾತ್ರಿ ಊಟದ ಹೊತ್ತಿಗೆ ಮೈತ್ರಿ ಅಳುತ್ತಾ ಹೇಳಿದಳು. ಪಿಕಲ್ ಕುಂಟುತ್ತಿದೆಯಂತೆ. ಕಾಲು ಊದಿಕೊಂಡು ಬಿಸಿಯಾಗಿದೆಯಂತೆ. ಯಾವ ಕಾಲು ಎಂದು ಕೇಳಿದೆ. ಮುಂದಿನ ಎಡಗಾಲು ಎಂದಳು.

ಬುಧವಾರ, ಮಧ್ಯಾಹ್ನ

ಎಲ್ಲರೂ ಹೊರಗೆ ಹೋಗಿದ್ದಾರೆ. ಮನೆಯಲ್ಲಿ ನಾನು ಮತ್ತು ಹೀಟರಿನ ಸದ್ದು. ಕಾಗದ ಮುಂದುವರಿಸುತ್ತಿದ್ದೇನೆ.

ಬೆಳಿಗ್ಗೆ ರಜನಿಯಿಂದ ಒಂದಿಷ್ಟು ವಿಷಯ ಬಾಯಿಬಿಡಿಸಿದೆ, ನನಗೇನೂ ಗೊತ್ತಿಲ್ಲದವಳ ಹಾಗೆ. ಇಲ್ಲಿನ ಈ ಚಳಿಗಾಲದ ಮಳೆಯ ಕೆಸರಿನಲ್ಲಿ ನಿಂತು ನಿಂತು ಕುದುರೆಗಳ ಕಾಲಿಗೆ ಒಂದು ಚರ್ಮರೋಗ ಬರುತ್ತದಂತೆ, ಕೂದಲು ಜಾಸ್ತಿ ಇರುವವಕ್ಕೆ ಇನ್ನೂ ಹೆಚ್ಚಂತೆ. ಇದೂ ಅದೇ ಎಂದು ಇಂಗ್ರಿಡ್ ತೀರ್ಮಾನ ಮಾಡಿದ್ದಾಳೆ. ಆಗಲೇ ಕೆಲವು ದಿನದಿಂದ ಬೆಳಿಗ್ಗೆ ಹೊತ್ತು ಮೇಲೆ ಮೇಲೆ ಮುಲಾಮು ಹಚ್ಚುತ್ತಿದ್ದಾರಂತೆ; ಸಂಜೆ ದೂರ ನಿಲ್ಲುವ ನಾನು ಗಮನಿಸಿಯೇ ಇರಲಿಲ್ಲ. ಒಳಗೆ ಬೆರಳು ಹಾಕಿ ನೋಡೋಣವೆಂದರೆ ಕುದುರೆ ಕಾಲು ಮುಟ್ಟಗೊಡುವುದಿಲ್ಲ, ನೋವು ತಡೆಯಲಾರದೆ ಹಿಂಗಾಲ ಮೇಲೆ ಎದ್ದು ನಿಲ್ಲುತ್ತದಂತೆ. ಕುದುರೆ ಡಾಕ್ಟರು ಶುಕ್ರವಾರ ಬರುತ್ತಾರೆ. ಕೀವು ಕೀಲಿನೊಳಗೆ ಇಳಿದುಬಿಟ್ಟರೆ ಏನು ಮಾಡುತ್ತಾರೆ ಎಂದು ಕೇಳಿದೆ. ಮೈತ್ರಿ ಮಹಡಿಯ ಮೇಲಿದ್ದಾಳಾ ಎಂದು ರಜನಿ ನೋಡಿ, ದನಿ ತಗ್ಗಿಸಿ, ‘ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡ್ತಾರಮ್ಮ’ ಎಂದಳು. ಮಲಗಿಸುವುದು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವರೆಲ್ಲ ಕೆಸರು ಕೆಸರು ಎನ್ನುತ್ತಿದ್ದಾರೆ. ಅದು ಕೆಸರಲ್ಲ ಎಂದು ಈ ದೇಶದಲ್ಲಿ ಗೊತ್ತಿರುವವಳು ನಾನೊಬ್ಬಳೇ.

ಹೇಳಿಬಿಡಬಾರದಾ ಎಂದು ನೀನು ಅಲ್ಲಿಂದಲೇ ಗದರುವುದು ನನಗೆ ಕೇಳಿಸುತ್ತಿದೆ. ಹೇಳಲು ಬಾಯಿ ತೆರೆದೆ ಗಂಗೂ, ಎರಡು ಸಲ ತೆರೆದೆ. ಒಂದು ಸಲ ‘ಉಪ್ಪಿಟ್ಟಿಗೆ ಇಂಗು ಹಾಕಲಾ’ ಎಂದು ಕೇಳಿದೆ, ಇನ್ನೊಂದು ಸಲ ಆಕಳಿಸಿದೆ. ಮಗುವಿನ ತಲೆ ಮುಟ್ಟಿ ಆಣೆ ಮಾಡಿದವಳು ನಾನು. ಆಣೆ ಮುರಿದದ್ದು ಗೊತ್ತಾದರೆ ರಜನಿ ನನ್ನ ಮುಖ ನೋಡುತ್ತಾಳಾ? ಮೈತ್ರಿಯಂತೂ ಜನ್ಮದಲ್ಲಿ ನನ್ನ ಹತ್ತಿರ ಬರುವುದಿಲ್ಲ. ಇನ್ನು ಪೊಲೀಸು. ಕಾರಿನಲ್ಲಿ ನಾಯಿಯೊಂದನ್ನೇ ಬಿಟ್ಟು ಅಂಗಡಿಗೆ ಹೋದರೂ ಇಲ್ಲಿ ಪೊಲೀಸರು ಬರುತ್ತಾರೆ ಎಂದು ರೀನಾ ಒಮ್ಮೆ ಹೇಳಿದ್ದಳು. ಕುದುರೆಯ ಕಾಲನ್ನೇ ಕತ್ತರಿಸಿದ ಮುದುಕಿಯನ್ನು ಬಿಡುತ್ತಾರಾ? ಬೆಳಿಗ್ಗೆ ಅಂಚೆಯವನ ಗಾಡಿ ನಿಂತ ಸದ್ದಿಗೇ ನಾನು ಬಚ್ಚಲುಮನೆಗೆ ಓಡಿ ಚಿಲಕ ಹಾಕಿಕೊಂಡೆ. ನಗಬೇಡ.

ಒಂದು ಉಪಾಯ ಮಾಡಿದ್ದೇನೆ. ಇವತ್ತು ಸಂಜೆ ಎಂದಿನಂತೆ ಹೋಗುತ್ತೇನೆ. ಮೈತ್ರಿ ಲದ್ದಿಯ ಗಾಡಿ ತಳ್ಳಿಕೊಂಡು ಹಿಂದಿನ ಗುಡ್ಡೆಗೆ ಹೋಗಿ ಬರುವಷ್ಟರಲ್ಲಿ ಒಳಗೆ ನುಗ್ಗಿ ದಾರ ಕತ್ತರಿಸಿಬಿಡುತ್ತೇನೆ. ದಾರ ಹೋದರೆ ಊತ ಇಳಿಯುತ್ತದೆ. ಶುಕ್ರವಾರ ಡಾಕ್ಟರು ಬಂದು ಕೆಸರೇ ಎಂದು ಹೇಳಿಕೊಳ್ಳಲಿ. ನನ್ನ ಒಳ್ಳೆಯ ಕತ್ತರಿಯನ್ನು ಬೆಂಗಳೂರಿನ ಏರ್‌ಪೋರ್ಟಿನಲ್ಲೇ ಕಿತ್ತುಕೊಂಡರು. ಕೊತ್ತಂಬರಿ ಕತ್ತರಿಸಲು ರಜನಿ ಇಟ್ಟುಕೊಂಡಿರುವುದನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡಿದ್ದೇನೆ. ಅದು ಒದ್ದರೆ ನಾನು ಸತ್ತೆ. ಒದೆಯದಿದ್ದರೂ ಹೆದರಿಕೆಗೇ ಸಾಯುತ್ತೇನೇನೋ. ರೀನಾಳ ಕಾರು ಬಂತು.

ಶನಿವಾರ

ಬದುಕಿದ್ದೇನೆ. ಕುದುರೆಯೂ ಬದುಕಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕೊನೆಯ ಹಾಳೆಗೆ ಹಾರುತ್ತೀಯ.

ಅವತ್ತು ಮೈತ್ರಿ ಗಾಡಿ ತಳ್ಳಿಕೊಂಡು ಹೋದಳು. ರೀನಾ ಮಗಳ ಜೊತೆ ಆ ತುದಿಯಲ್ಲಿದ್ದಳು. ನಾನು ಪಿಕಲ್ ಇರುವ ಕೋಣೆಯ ಅಗುಳಿ ತೆಗೆದು ಒಳಗೆ ಹೋದೆ. ಈ ಸಲ ಅದನ್ನು ಕಟ್ಟಿರಲಿಲ್ಲ. ಬಿಟ್ಟ ಕುದುರೆ, ಮುಚ್ಚಿದ ಕೋಣೆ, ನಾನು. ಅದು ತಲೆಯೆತ್ತಿ ನನ್ನನ್ನು ನೋಡಿತು. ನನಗೆ ಬರುವ ಸ್ತೋತ್ರಗಳೆಲ್ಲ ಮರೆತುಹೋದವು. ‘ಬೇಡಪ್ಪಾ, ಬೇಡ ಕಣಪ್ಪಾ, ಏನೂ ಮಾಡಬೇಡ’ ಎಂದು ಅಷ್ಟನ್ನೇ ಹೇಳುತ್ತಾ ಗೋಡೆಗೆ ಒರಗಿಕೊಂಡು ಜರುಗಿದೆ. ಅದು ಎಡಗಾಲನ್ನು ನೆಲಕ್ಕೆ ಊರಿರಲಿಲ್ಲ, ಗೊರಸಿನ ತುದಿ ಮಾತ್ರ ತಾಗಿಸಿ ನಿಂತಿತ್ತು. ಪಾಪ, ಮೈಯೆಲ್ಲ ಬೆವೆತಿತ್ತು.

ಕೂತೆ. ಕೂದಲು ಸರಿಸಿದೆ. ಅದು ಕಾಲು ಎಳೆದುಕೊಂಡು ಒಮ್ಮೆಲೆ ತಿರುಗಿತು. ಅದರ ಭುಜ ತಗುಲಿ ನಾನು ಹಲಗೆಗೆ ಬಡಿದುಕೊಂಡು ಕೆಳಗೆ ಬಿದ್ದೆ. ಮುಗಿಯಿತು ವಿಜಯಾ, ತುಳಿಯುತ್ತದೆ ಎಂದುಕೊಂಡು ತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡೆ. ತುಳಿಯಲಿಲ್ಲ. ನನ್ನ ಮೇಲೆಯೇ ನಿಂತು ನಡುಗುತ್ತಿತ್ತು. ಅದಕ್ಕೂ ಭಯವೇ ಗಂಗೂ. ಅಷ್ಟು ದೊಡ್ಡ ಪ್ರಾಣಿ ನನಗೆ ಹೆದರಿ ನಡುಗುತ್ತಿತ್ತು.

ಬಿದ್ದಲ್ಲಿಂದ ಅದರ ಕಾಲು ನನ್ನ ಕಣ್ಣಿಗೆ ಸಮನಾಗಿ ಕಂಡಿತು. ಕೂದಲು ಸರಿಸಿ ನೋಡಿದರೆ ದಾರವೇ ಇಲ್ಲ. ದಾರ ಇರಬೇಕಾದ ಕಡೆ ಮಾಂಸ ಉಬ್ಬಿ, ನಡುವೆ ಸುತ್ತಲೂ ಒಂದು ಗೀರು, ಗೀರಿನಿಂದ ಕೀವು. ವಾಸನೆ ಬರುತ್ತಿತ್ತು. ದಾರ ಒಳಗೆ ಹೋಗಿಬಿಟ್ಟಿತ್ತು. ಕೊತ್ತಂಬರಿ ಕತ್ತರಿಯಲ್ಲಿ ಏನು ಕತ್ತರಿಸಲಿ? ಕೈಯಲ್ಲಿ ಅದನ್ನು ಹಿಡಿದುಕೊಂಡೇ ಒಂದು ಕ್ಷಣ ಯೋಚಿಸಿದೆ: ಎದ್ದು ಹೋಗಿಬಿಡಲಾ, ಕೈ ತೊಳೆದು ಕಾರಿನಲ್ಲಿ ಕೂತುಬಿಡಲಾ. ಯಾರೂ ನೋಡಿರಲಿಲ್ಲ. ಸತ್ಯ ಹೇಳುತ್ತೇನೆ, ಅರ್ಧ ಎದ್ದೂ ಇದ್ದೆ. ಅಷ್ಟರಲ್ಲಿ ಅದು ನೋವಿಗೆ ನರಳಿತು, ಕುದುರೆ ನರಳುವುದನ್ನು ನಾನು ಕೇಳಿರಲೇ ಇಲ್ಲ. ಯಾವಾಗ ಕಿರುಚಿದೆನೋ ಗೊತ್ತಿಲ್ಲ. ‘ಮೈತ್ರೀ! ಬಾರೇ! ಕಾಲಲ್ಲಿ ದಾರ ಇದೆ ಕಣೇ, ನಾನು ಕಟ್ಟಿದ್ದು, ನಾನೇ ಕಟ್ಟಿದ್ದು!’ ಎಂದು ಇಡೀ ಲಾಯಕ್ಕೆ ಕೇಳುವ ಹಾಗೆ ಕೂಗಿದೆ.

ಮೈತ್ರಿ ಓಡಿ ಬಂದಳು. ಮೊದಲು ನನ್ನನ್ನು ಕಂಕುಳಲ್ಲಿ ಕೈ ಹಾಕಿ ಹೊರಗೆ ಎಳೆದಳು. ಆಮೇಲೆ ಬಾಗಿ ನೋಡಿದಳು. ಎದ್ದು ನಿಂತು ನನ್ನ ಮುಖ ನೋಡಿದಳಲ್ಲ, ಆ ನೋಟ ಬೇಡ ನನಗೆ. ಇಂಗ್ರಿಡ್‌ಳನ್ನು ಕರೆಯಲು ಓಡಿದಳು.

ಶುಕ್ರವಾರ ಬರಬೇಕಿದ್ದ ಡಾಕ್ಟರಮ್ಮ ಅವತ್ತೇ, ಅರ್ಧ ಊಟ ಬಿಟ್ಟು ಬಂದಳು. ಮಂಪರಿನ ಇಂಜೆಕ್ಷನ್ ಕೊಟ್ಟಳು, ಕೂದಲು ಬೋಳಿಸಿದಳು, ಚಿಮಟದಲ್ಲಿ ಹಿಡಿದು ನಿಧಾನವಾಗಿ ಎಳೆದಳು. ಬಂತು. ಎತ್ತಿ ಹಿಡಿದು ಇದೇನೆಂದು ಕೇಳಿದಳು. ಇಂಗ್ರಿಡ್ ಹುಲ್ಲಿನ ಕಟ್ಟಿನ ಹುರಿ ಇರಬೇಕು, ತಪ್ಪು ತನ್ನದೇ ಎಂದು ಹಣೆ ಹಿಡಿದುಕೊಂಡಳು. ನನ್ನ ಕೂಗನ್ನು ಅವಳು ಕೇಳಿದ್ದಳು, ಕನ್ನಡ ಅರ್ಥವಾಗಬೇಕಲ್ಲ. ಆಗ ನಾನು ಸುಮ್ಮನಿದ್ದಿದ್ದರೆ ತಪ್ಪು ಹುರಿಯ ಮೇಲೇ ಹೋಗುತ್ತಿತ್ತು. ಮೈತ್ರಿ ನೆಲ ನೋಡುತ್ತಾ ನಿಂತಿದ್ದಳು, ಅವಳೂ ಬಾಯಿ ಬಿಡಲಿಲ್ಲ. ನಾನು ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದೆ. ‘ಮೈ ಥ್ರೆಡ್,’ ಎಂದೆ. ‘ಐ ಟೈ.’ ಮುಂದೆ ಇಂಗ್ಲಿಷ್ ಬರಲಿಲ್ಲ, ಅಳು ಬಂತು.

ರೀನಾ ನನ್ನ ತೋಳು ಹಿಡಿದುಕೊಂಡು, ‘ಎಂತ ಆಂಟಿ ಇದು, ನನ್ನ ಹತ್ರ ಆದ್ರೂ ಹೇಳ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ?’ ಎಂದಳು. ಆಮೇಲೆ ಅವಳೇ ಅವರಿಗೆಲ್ಲ ಬಿಡಿಸಿ ಹೇಳಿದಳು, ದೃಷ್ಟಿಯಾಗದಿರಲಿ ಎಂದು ನಮ್ಮ ಕಡೆ ಕಪ್ಪು ದಾರ ಕಟ್ಟುತ್ತಾರೆ, ಮಗುವಿನ ಮೇಲಿನ ಪ್ರೀತಿಗೆ ಕಟ್ಟಿದ್ದು ಎಂದು. ಇಂಗ್ರಿಡ್ ಹೊರಗೆ ಹೋಗಿ ಬಕೆಟ್ ಒಂದನ್ನು ಒದ್ದಳು, ನಮಗೆಲ್ಲ ಕೇಳಿಸಿತು. ವಾಪಸು ಬಂದು, ಇನ್ನು ಮೇಲೆ ತನ್ನನ್ನು ಕೇಳದೆ ಯಾವ ಕುದುರೆಗೂ ಹೂವು ಸಹ ಮುಡಿಸಬಾರದು ಎಂದಳಂತೆ. ಪೊಲೀಸರು ಬರಲಿಲ್ಲ.

ದಾರ ಚರ್ಮ ಕತ್ತರಿಸಿ ಒಳಗೆ ಮೂಳೆಗೆ ಅಂಟಿದ ಸ್ನಾಯುವಿನ ತನಕ ಹೋಗಿತ್ತು. ಕೀಲಿಗೆ ಕೀವು ಇಳಿದಿಲ್ಲ; ಇನ್ನೂ ತಡವಾಗಿದ್ದರೆ ಇಳಿಯುತ್ತಿತ್ತು ಎಂದಳು ಡಾಕ್ಟರಮ್ಮ. ಹಾಗಾಗಿ ಮಲಗಿಸುವುದು ತಪ್ಪಿತು. ಆದರೆ ಗಾಯವಾದ ಆ ಸ್ನಾಯು ಇನ್ನು ಭಾರ ತಡೆಯುವುದಿಲ್ಲವಂತೆ. ಪಿಕಲ್ ಮೆಲ್ಲಗೆ ನಡೆದಾಡಬಹುದು, ಮೇಯಬಹುದು. ಅದರ ಬೆನ್ನ ಮೇಲೆ ಇನ್ನು ಯಾರೂ ಕೂರುವ ಹಾಗಿಲ್ಲ. ಹಾರುವ ಮಾತಂತೂ ಇಲ್ಲವೇ ಇಲ್ಲ.

ರಜನಿ ಕೂಗಾಡಲಿಲ್ಲ ಗಂಗೂ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರವಾಗುತ್ತಿದ್ದೆ. ನನ್ನ ಹಾಸಿಗೆಯ ಅಂಚಿನಲ್ಲಿ ಕೂತು, ‘ನಂಗೆ ಹೇಳೋಕೆ ಅಷ್ಟೊಂದು ಭಯನಾ ಅಮ್ಮ?’ ಎಂದು ಕೇಳಿ ಎದ್ದು ಹೋದಳು. ಅಳಿಯಂದಿರು ನನ್ನ ಭುಜದ ಪೆಟ್ಟಿಗೆ ಐಸಿನ ಚೀಲ ತಂದುಕೊಟ್ಟರು. ಮೈತ್ರಿ ಮಾತು ಬಿಟ್ಟಳು. ನನ್ನ ತಟ್ಟೆಗೆ ಚಪಾತಿ ಹಾಕುವಾಗಲೂ ಮುಖ ನೋಡುತ್ತಿರಲಿಲ್ಲ.

ಹತ್ತಲಾಗದ ಕುದುರೆಯನ್ನು ಅವಳು ಬಿಟ್ಟುಬಿಡುತ್ತಾಳೆ ಎಂದು ನಾನೂ ಅಂದುಕೊಂಡಿದ್ದೆ, ರಜನಿಯೂ ಅಂದುಕೊಂಡಿದ್ದಳು. ಎಲ್ಲಾದರೂ ಒಳ್ಳೆಯ ಹುಲ್ಲುಗಾವಲು ಇರುವವರಿಗೆ ಕೊಡೋಣ ಎಂದು ಅಳಿಯಂದಿರು ಮೆತ್ತಗೆ ಮಾತು ತೆಗೆದರು. ಹುಡುಗಿ ಎದ್ದು ನಿಂತು ಇಂಗ್ಲಿಷಿನಲ್ಲಿ ಏನೋ ಅಂದಳು. ರಜನಿ ಆಮೇಲೆ ನನಗೆ ಹೇಳಿದಳು: ಅದು ಹತ್ತುವುದಕ್ಕೆ ಇಟ್ಟುಕೊಂಡ ಸೈಕಲ್ ಅಲ್ಲ, ನನ್ನ ಕುದುರೆ, ನಾನೇ ನೋಡಿಕೊಳ್ಳುತ್ತೇನೆ ಎಂದಳಂತೆ. ಈಗಲೂ ಕತ್ತಲಲ್ಲೇ ಏಳುತ್ತಾಳೆ. ಗಾಯ ತೊಳೆಯಬೇಕು, ಪಟ್ಟಿ ಬದಲಿಸಬೇಕು, ಹಗ್ಗ ಹಿಡಿದು ಅಂಗಳದಲ್ಲಿ ಮೆಲ್ಲಗೆ ನಡೆಸಬೇಕು. ಲದ್ದಿ ಇದ್ದೇ ಇದೆ.

ಇವತ್ತು ಬೆಳಿಗ್ಗೆ ನಾನೂ ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಬೇಡ ಎನ್ನಲಿಲ್ಲ. ಅಲ್ಲಿ ಬಿಸಿನೀರಿನ ಬಕೆಟ್ ನನ್ನ ಕೈಗೆ ಕೊಟ್ಟಳು. ಅವಳು ಕಾಲು ತೊಳೆದಳು, ನಾನು ಬಕೆಟ್ ಹಿಡಿದುಕೊಂಡು ನಿಂತೆ. ಪಟ್ಟಿ ಕಟ್ಟಿ ಮುಗಿಸಿದ ಮೇಲೆ, ದಾರ ಕಟ್ಟುವಾಗ ಏನು ಬೇಡಿಕೊಂಡೆ ಎಂದು ಕೇಳಿದಳು. ‘ನೀನು ಚೆನ್ನಾಗಿರಲಿ ಅಂತ ಕಣೇ’ ಎಂದೆ. ಕೆಸರುಗೈಯಲ್ಲೇ ನನ್ನನ್ನು ತಬ್ಬಿಕೊಂಡಳು. ‘ಐ ನೋ, ಅಜ್ಜಿ, ಐ ನೋ’ ಎಂದು ಅತ್ತಳು. ನಾನೂ ಅತ್ತೆ. ಪಿಕಲ್ ನಮ್ಮಿಬ್ಬರ ನಡುವೆ ಮೂತಿ ತೂರಿಸಿತು, ಈ ಸಲ ನಾನು ಓಡಲಿಲ್ಲ.

ಎಲ್ಲರೂ ಕ್ಷಮಿಸಿದ್ದಾರೆ. ಊಟ ಮಾತ್ರ ಇನ್ನೂ ಇಳಿಯುತ್ತಿಲ್ಲ. ಮಂಡಿಗೆ ಎಣ್ಣೆ ಹಚ್ಚಿಕೋ. ಫೆಬ್ರವರಿಯಲ್ಲಿ ಬಂದಾಗ ನಿನ್ನ ಮನೆಯಲ್ಲೇ ನಾಲ್ಕು ದಿನ ಇರುತ್ತೇನೆ, ಜಾಗ ಮಾಡಿಡು.

ನಿನ್ನವಳೇ ಆದ,
ವಿಜಯಾ

ತಾ. ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಮೈತ್ರಿಗೆ ನಾನು ಹೇಳಿದ್ದು ಸುಳ್ಳು. ದಾರ ಕಟ್ಟುವಾಗ ಅವಳು ಚೆನ್ನಾಗಿರಲಿ ಎಂದು ನಾನು ಬೇಡಿಕೊಳ್ಳಲೇ ಇಲ್ಲ. ‘ತಾಯೀ ಚೌಡಮ್ಮ, ಈ ಕುದುರೆಯ ಕಾಲು ಹೋಗಲಿ, ನನ್ನ ಕೂಸು ಇನ್ನು ಇದನ್ನು ಹತ್ತದ ಹಾಗಾಗಲಿ’ ಎಂದೆ. ಬಾಯಿಬಿಟ್ಟೇ ಅಂದೆ, ಸುತ್ತಮುತ್ತ ಕನ್ನಡ ತಿಳಿಯುವವರು ಯಾರೂ ಇರಲಿಲ್ಲ. ನೈಲಾನು ಬಿಗಿಯಿತು ಎಂದು ಇಲ್ಲಿ ಎಲ್ಲರೂ ನಂಬಿದ್ದಾರೆ. ನಾನೂ ಅದನ್ನೇ ನಂಬಲು ನೋಡುತ್ತಿದ್ದೇನೆ, ಆಗುತ್ತಿಲ್ಲ. ಚೌಡಮ್ಮ ಕೇಳಿಸಿಕೊಂಡಳು ಗಂಗೂ. ಬೇಡಿದ್ದನ್ನು ಬೇಡಿದ ಹಾಗೆಯೇ ಕೊಟ್ಟಳು. ಅದಕ್ಕೆ ಬದಲಾಗಿ ಮುಂದೆ ಏನು ಕೇಳುತ್ತಾಳೋ ಎಂದು ನನ್ನ ಜೀವ ಹೋಗುತ್ತಿದೆ. ಮಂಡಿ ನೋವಾದರೂ ಇನ್ನೊಂದು ಸಲ ಏರಿ ಹತ್ತು. ಬೇಡಿದ್ದನ್ನು ವಾಪಸು ತೆಗೆದುಕೊಳ್ಳಲು ದಾರಿ ಇದೆಯಾ ಎಂದು ಪೂಜಾರಿಯನ್ನು ಕೇಳು. ನನ್ನ ಹೆಸರು ಹೇಳಿ ಕೇಳು. ಮಗುವಿನ ಹೆಸರನ್ನು ಮಾತ್ರ ಅಲ್ಲಿ ಎತ್ತಬೇಡ.